ನಂಜಮ್ಮನ ಹೆಸರಿನ ಪಾಚಿ

ನನ್ನ ಓರಗಿತ್ತಿ ನಂಜಮ್ಮನ ಹೆಸರನ್ನು ಒಂದು ಪಾಚಿಗೆ ಇಟ್ಟಿದ್ದಾರೆ.

ನಗಬೇಡಿ. ಇಟ್ಟವರು ಮೈಸೂರಿನ ಕಾಲೇಜು ಮೇಷ್ಟರು. ಅಚ್ಚಾಗಿ ಬಂದಿದೆ. ಲೋಕದಲ್ಲಿ ಇದುವರೆಗೆ ಯಾರೂ ಕಾಣದ ಹಸಿರು ಪಾಚಿಯಂತೆ. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಸಿಕ್ಕಿದ್ದು ನಂಜಮ್ಮನ ದನ ನೀರು ಕುಡಿಯುವ ಕಲ್ಲುಬಾನಿಯಲ್ಲಿ. ಇನ್ನು ಮುಂದೆ ಎಂಥಾ ಪಂಡಿತನಾದರೂ ಅದನ್ನು ಕರೆಯಬೇಕಾದರೆ ಅವಳ ಹೆಸರು ಹೇಳಲೇಬೇಕು.

ಪಾಚಿಗೆ ಅವಳ ಹೆಸರು ಒಪ್ಪುತ್ತದೆ. ಅದರಲ್ಲಿ ನನ್ನ ತಕರಾರಿಲ್ಲ. ಆದರೂ ಹೊಟ್ಟೆ ಉರಿಯುತ್ತಿದೆ. ಯಾಕೆ ಉರಿಯಬಾರದು? ಆ ಪಾಚಿ ನನ್ನದು.

ವಾರವಾರ ಇದನ್ನು ಓದುವವರಿಗೆ ನಂಜಮ್ಮ ಗೊತ್ತು. ಹೊಸಬರಿಗೆ ಹೇಳುತ್ತೇನೆ. ನನ್ನ ಮೈದುನನ ಹೆಂಡತಿ. ಅರಕಲಗೂಡಿನ ಕಡೆಯವಳು. ಅಣ್ಣತಮ್ಮಂದಿರು ಭಾಗವಾದಾಗ ಮನೆಯ ನಡುವೆ, ಹಿತ್ತಿಲಲ್ಲೂ, ಗೋಡೆ ಎದ್ದಿತು. ಹಿತ್ತಿಲ ಬಾವಿ ಇಬ್ಬರಿಗೂ ಉಳಿಯಿತು. ಹಳೆಯ ಕಲ್ಲುಬಾನಿ ನಮ್ಮ ಪಾಲಿಗೆ ಬಂತು. ಅವರು ಹೊಸದೊಂದು ಬಾನಿ ಕಡೆಸಿ ಗೋಡೆಯಾಚೆ ಇಟ್ಟುಕೊಂಡರು. ಇಟ್ಟುಕೊಂಡರು ಅಷ್ಟೇ. ಬಾವಿಯಿಂದ ಸೇದುವ ಕಷ್ಟ ಯಾಕೆ ಅಂತ ನಂಜಮ್ಮ ನನ್ನ ಬಾನಿಯ ನೀರನ್ನೇ ಮೊಗೆದು ತನ್ನದಕ್ಕೆ ತುಂಬುತ್ತಿದ್ದಳು. (ನನ್ನ ಕಣ್ಣು ತಪ್ಪಿಸಿ. ತಪ್ಪಿತು ಅಂತ ಅವಳ ನಂಬಿಕೆ.)

ನಾನು ಹುಟ್ಟಿದ್ದು ಹೊಳೆನರಸೀಪುರದಲ್ಲಿ. ಹೊಳೆ ನೋಡಿ ಬೆಳೆದವಳಿಗೆ ನಿಂತ ನೀರು ಹಸಿರಾದರೆ ಮೈ ಕಡಿಯುತ್ತದೆ. ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ, ಬಸವನಿಗೆ ಬಿಡುವು. ಆವತ್ತೇ ನಾನು ಬಾನಿ ಬರಿದು ಮಾಡಿ, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ತಿಕ್ಕಿ ತೊಳೆಯುವುದು. ಹೋದ ವರ್ಷ ನಡು ಹಿಡಿದುಕೊಂಡಿತು. ಸೋಮವಾರಗಳು ತಪ್ಪಿದವು. ಬಾನಿ ಹಸಿರಾಯಿತು.

ಆಗಲೇ ಆ ಮೇಷ್ಟರು ಬಂದದ್ದು. ಕೊರವಂಗಲದ ದೇವಸ್ಥಾನ ನೋಡಿಕೊಂಡು ಹಾಸನಕ್ಕೆ ಹೊರಟಿದ್ದರಂತೆ. ಇದ್ದಿಲು ಉರಿಸಿ ಓಡಿಸುವ ಬಸ್ಸು ನಮ್ಮೂರ ಮುಂದೆ ಕೆಟ್ಟು ನಿಂತಿತು. ನೆರಳು ಹುಡುಕಿಕೊಂಡು ಹಿತ್ತಿಲಿಗೇ ಬಂದರು.

“ತಾಯಿ, ಈ ನೀರು ಸ್ವಲ್ಪ ತಗೊಳ್ಳಲೇ?”

“ಅದು ದನೀನ ನೀರು ಕಣಪ್ಪ. ಇರು, ಮಜ್ಜಿಗೆ ತತ್ತೀನಿ.”

“ಕುಡಿಯೋಕಲ್ಲ ತಾಯಿ, ನೋಡೋಕೆ.”

ನೀರು ನೋಡುವುದಕ್ಕೆ ಮೈಸೂರಿನಿಂದ ಬರಬೇಕೇ? ಒಂದು ಸಣ್ಣ ಬಾಟ್ಲಿಯಲ್ಲಿ ತುಂಬಿಕೊಂಡು, ಮಜ್ಜಿಗೆಯನ್ನೂ ಕುಡಿದು ಹೋದರು. ನಾನು ಮರೆತೆ.

ಸ್ವಲ್ಪ ದಿನದ ಮೇಲೆ ಬಸ್ಸಿನ ಡ್ರೈವರ್ ಬಾಗಿಲಲ್ಲಿ ಕೂಗಿದ. “ತಿಮ್ಮವ್ವಾ, ಆ ಮೈಸೂರು ಮೇಷ್ಟ್ರು ಏಳಿ ಕಳ್ಸವ್ರೆ. ನಿನ್ ಬಾನೀಲಿ ಏನೋ ಒಸಾದು ಸಿಕ್ಕೈತಂತೆ. ಮುಂದಿನ್ ವಾರ ದುರ್ಬೀನು ತಕ್ಕಂಡು ಬತ್ತಾರಂತೆ. ಒಸಾದೇ ಆದ್ರೆ ನಿನ್ ಎಸರೇ ಮಡಗ್ತಾರಂತೆ ಕಣವ್ವ!”

ನನ್ನ ಹೆಸರು!

ತಿಮ್ಮಮ್ಮ ಅಂತ ಪೂರ್ತಿಯಾಗಿ ಕರೆಯುತ್ತಿದ್ದವರು ನನ್ನ ತವರಿನವರು. ಅವರೆಲ್ಲ ಮಣ್ಣಾದರು. ಇಲ್ಲಿ ನಾನು ಇವರ ಹೆಂಡತಿ, ಅವನ ಅವ್ವ, ದೊಡ್ಡ ಬಾಗಿಲವಳು. ಪಾಚಿಯಾದರೇನು? ಹೆಸರು ಹೆಸರೇ.

ಮೈಸೂರಿನ ಮೇಷ್ಟರು ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ದುರ್ಬೀನು ಹೊತ್ತುಕೊಂಡು ನಮ್ಮ ಬಾನಿ ನೋಡಲು ಬರುತ್ತಾರೆ. ಮರ್ಯಾದಸ್ಥರ ಮನೆಯಲ್ಲಿ ಆಗ ಏನು ಮಾಡುತ್ತಾರೆ ಹೇಳಿ? ನೀವಾದರೂ ಏನು ಮಾಡುತ್ತಿದ್ದಿರಿ? ನಡುನೋವಿದ್ದರೂ ಬಾನಿಗಿಳಿದೆ. ಬೂದಿ ಹಾಕಿ ತಿಕ್ಕಿದೆ. ಮರಳು ಹಾಕಿ ತಿಕ್ಕಿದೆ. ಕಲ್ಲು ಕನ್ನಡಿಯಾಯಿತು. ಹೊಸ ನೀರು ತುಂಬಿ, ಸುತ್ತ ರಂಗೋಲಿ ಎಳೆದೆ.

ಮೇಷ್ಟರು ಬಂದರು. ಬಾನಿ ನೋಡಿದರು. ಮುಖ ಇಷ್ಟಾಯಿತು.

“ಇದೇನು ಮಾಡಿಬಿಟ್ಟಿರಿ ತಾಯಿ?”

“ತೊಳ್ದೆ ಕಣಪ್ಪ. ನಿಮ್ಮಂಥೋರು ಬತ್ತೀರಿ ಅಂದ್ಮೇಲೆ ಕೊಳಕು ಬಾನಿ ತೋರ್ಸಕ್ಕಾಯ್ತದಾ?”

ಅವರು ಜಗಲಿಯ ಮೇಲೆ ಕುಸಿದು ಕೂತರು. ಮೊದಲು ಒಯ್ದ ನೀರಿನಲ್ಲಿ ಇದ್ದದ್ದು ಸತ್ತುಹೋಯಿತಂತೆ. ಜೀವಂತವಾಗಿ ನೋಡಿ, ಚಿತ್ರ ಬರೆದರೇನೇ ಹೊಸದು ಅಂತ ಸಾರಬಹುದಂತೆ. ನಾನು ಬಾಯಿ ಬಿಡುವುದರೊಳಗೆ ಗೋಡೆಯ ಮೇಲೆ ನಂಜಮ್ಮನ ತಲೆ ಎದ್ದಿತು.

“ಪಾಚಿನಾ ಬುದ್ದೀ? ನಮ್ ಬಾನೀಲಿ ಬೇಕಾದಂಗೈತೆ. ಬನ್ನಿ, ಬನ್ನಿ.”

ಇರದೆ ಏನು? ಆ ಬಾನಿ ಬಂದಾಗಿನಿಂದ ನಾರು ಕಂಡಿಲ್ಲ.

ಮೇಷ್ಟರು ಒಂದು ಹನಿ ಗಾಜಿನ ಮೇಲಿಟ್ಟು ದುರ್ಬೀನಿಗೆ ಕಣ್ಣಿಟ್ಟರು. “ಇದೇ! ಇದೇ!” ಅಂತ ಕೂಗಿಯೇಬಿಟ್ಟರು. ನಮಗೂ ತೋರಿಸಿದರು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಎರಡು ಅವರೆಕಾಳು ಒಂದಕ್ಕೊಂದು ಅಂಟಿದ ಹಾಗೆ, ನಡುವೆ ಸಣ್ಣ ಸೊಂಟ, ಅಂಚಿಗೆಲ್ಲ ಸಾಲಾಗಿ ಮಣಿ ಪೋಣಿಸಿದ ಹಾಗೆ. ಆ ಮಣಿ ಜೋಡಿಸಿರುವ ರೀತಿಯೇ ಹೊಸದಂತೆ. ಬೆಳೆದ ಮೇಲೆ ಸೊಂಟದಲ್ಲಿ ಎರಡಾಗುತ್ತದಂತೆ. ಆಮೇಲೆ ಒಂದೊಂದು ಅರ್ಧವೂ ಇಲ್ಲದ ಅರ್ಧವನ್ನು ತಾನೇ ಬೆಳೆಸಿಕೊಳ್ಳುತ್ತದಂತೆ.

“ನಮ್ ಮನೆ ಭಾಗ ಆದಂಗೆ ಅನ್ನಿ” ಅಂದೆ.

“ಹೌದು ತಾಯಿ” ಅಂತ ಮೇಷ್ಟರು ನಕ್ಕರು. “ಆದರೆ ಇಲ್ಲಿ ಜಗಳ ಇಲ್ಲ.”

“ಅತ್ರ ಓಗಿ ಕೇಳಿದೀರಾ?”

ಆಮೇಲೆ ನ್ಯಾಯ ಕೇಳಿದೆ. ಮೊದಲು ಸಿಕ್ಕಿದ್ದು ನನ್ನ ಬಾನಿಯಲ್ಲಿ, ಅವಳ ಬಾನಿಗೆ ಹೋದದ್ದೂ ನನ್ನ ನೀರು, ಅಂದೆ. ಮೇಷ್ಟರು ಒಳ್ಳೆಯವರೇ. “ಬದುಕಿದ್ದನ್ನ ಕಂಡದ್ದು ಇಲ್ಲಿ ತಾಯಿ. ಕಂಡದ್ದನ್ನ ಮಾತ್ರ ಬರೀಬೇಕು” ಅಂದರು. ಒಮ್ಮೆ ಇಟ್ಟ ಹೆಸರನ್ನು ಆಮೇಲೆ ಬದಲಾಯಿಸುವ ಹಾಗೂ ಇಲ್ಲವಂತೆ. ಇನ್ನು ಅದು ಯಾವ ಊರಿನ ಯಾವ ಕೆರೆಯಲ್ಲಿ ಸಿಕ್ಕಿದರೂ ನಂಜಮ್ಮನೇ. ನನ್ನ ಬಾನಿಯಲ್ಲಿ ಸಿಕ್ಕಿದರೂ.

ತೊಳೆದವಳಿಗೆ ನಡುನೋವು. ತೊಳೆಯದವಳಿಗೆ ಅಚ್ಚಿನಲ್ಲಿ ಹೆಸರು. ಇದು ಬರೀ ಪಾಚಿಯ ಕಥೆ ಅಂದುಕೊಂಡಿರಾ? ನಿಮ್ಮ ಮನೆಯಲ್ಲೇ ನೋಡಿಕೊಳ್ಳಿ. ಒಲೆ ಮುಂದೆ ಬೆಂದವಳು ಒಬ್ಬಳು, “ಸಾರು ಚೆನ್ನಾಗೈತೆ” ಅನ್ನಿಸಿಕೊಂಡವಳು ಬಡಿಸಿದವಳು.

ಸುದ್ದಿ ಚನ್ನರಾಯಪಟ್ಟಣದವರೆಗೂ ಹೋಯಿತು. ಅಲ್ಲಿಗೆ ಕೊಟ್ಟಿರುವ ನನ್ನ ಮಗಳು ಬಂದವಳೇ, “ಚಿಕ್ಕವ್ವನ ಎಸರು ಬಂದದಂತಲ್ಲಾ, ನಿಂದ್ಯಾಕವ್ವಾ ಬರ್ನಿಲ್ಲ?” ಅಂತ ಕೇಳಿದಳು. ಹೆತ್ತ ಹೊಟ್ಟೆಗೇ ಬೆಂಕಿ.

ಅವತ್ತಿನಿಂದ ನಾನು ಬಾನಿ ತೊಳೆಯುವುದು ಬಿಟ್ಟೆ. ಇನ್ನೊಂದು ಹೊಸದು ಹುಟ್ಟಬಾರದು ಅಂತ ಎಲ್ಲಿ ಬರೆದಿದೆ? ನೀರು ಹಸಿರಾಯಿತು, ಗಟ್ಟಿಯಾಯಿತು. ಎತ್ತು ಮೂಸಿ ನೋಡಿ ಮುಖ ತಿರುಗಿಸಿತು. ನಮ್ಮ ಯಜಮಾನರು ಕೇಳಿದರು, “ಯಾಕಮ್ಮೀ, ಬಾನಿ ತೊಳ್ದಿಲ್ಲ?”

“ನೋವು.”

“ನಡುವಿಗಾ, ಒಟ್ಟೆಗಾ?”

ಅತ್ತ ನಂಜಮ್ಮನಿಗೆ ಮರ್ಯಾದೆ ಹತ್ತಿಕೊಂಡಿತು. ಅವಳ ಬಾನಿ ನೋಡಲು ಸಾಲಗಾಮೆಯಿಂದೆಲ್ಲ ನೆಂಟರು ಬಂದರು. ಬಂದವರ ಮುಂದೆ ಕೊಳಕು ಇರಬಾರದು ಅಂತ, ಜನ್ಮದಲ್ಲಿ ಮೊದಲ ಸಲ ನಾರು ಹಿಡಿದು ತಿಕ್ಕಿದಳು. ಸಾಲದ್ದಕ್ಕೆ ಒಳಗೂ ಹೊರಗೂ ಸುಣ್ಣ ಬಳಿದಳು. ನಾನು ಗೋಡೆಯ ಮೇಲಿಂದ ನೋಡಿದೆ. ಬಾಯಿ ಬಿಡಲಿಲ್ಲ.

ಇವತ್ತು ಮಧ್ಯಾಹ್ನ ಚೊಂಬು ಹಿಡಿದು ಬಂದಳು.

“ಅಕ್ಕ, ನಿನ್ ಬಾನಿ ನೀರು ಒಂದ್ ಚೊಂಬು ಕೊಡಕ್ಕ.”

“ಯಾಕೇ ನಂಜಿ, ಬಾವಿ ಬತ್ತೋಯ್ತಾ?”

“ಅಸ್ರು ನೀರು ಬೇಕು ಕಣಕ್ಕ. ನಾಳೀಕೆ ಮೇಷ್ಟ್ರು ಬತ್ತಾವ್ರೆ, ಜೊತೇಲಿ ಯಾರೋ ದೊಡ್ಡೋರಂತೆ. ಅಂಥಾ ಪಾಚಿನೇ ಇಲ್ಲ, ಸುಳ್ಳು ಅಂತಾವ್ರಂತೆ ಅವ್ರು. ಕಣ್ಣಾರೆ ಕಂಡ್ರೇನೇ ನಂಬಾದಂತೆ. ನಮ್ ಬಾನೀಲಿ ಒಂದೂ ಉಳೀನಿಲ್ಲ. ನನ್ ಎಸರು ಒಡ್ದಾಕ್ಬುಟ್ರೆ ಏನಕ್ಕ ಮಾಡ್ಲಿ?”

ಇಷ್ಟು ವರ್ಷ ಕೇಳದೆ ಮೊಗೆದುಕೊಂಡವಳು. ಇವತ್ತು ಕೇಳಿದಳು. ಕಣ್ಣಲ್ಲಿ ನೀರೂ ಇತ್ತು.

“ನಾಳೆ ಒತ್ತಾರೆ ಬಾ” ಅಂದೆ.

ನಾಳೆ ಸೋಮವಾರ. ತೆಂಗಿನ ನಾರು ಎಲ್ಲಿಟ್ಟಿದ್ದೆನೋ, ಹುಡುಕಬೇಕು.