ನೆತ್ತಿಗೆ ತಟ್ಟಿದ ಹರಳೆಣ್ಣೆ

ಮಲ್ಲತ್ತಹಳ್ಳಿಯಿಂದ ರಾಜಾಜಿನಗರ ದೂರವೇನಲ್ಲ. ಮುರಿದ ಕಾಲಿನವಳನ್ನು ಕರೆದುಕೊಂಡು ಹೊರಟರೆ ದೂರವೇ. ಸೊಸೆ ಗಿರಿಜೆಯ ಮೊಣಕಾಲ ಕೆಳಗಿನ ಮೂಳೆ ಲಾರಿ ತಾಗಿ ಪುಡಿಯಾಗಿತ್ತು. ಸೊಂಟದ ಮೂಳೆಯ ಚೂರು ತೆಗೆದು ಅಲ್ಲಿಗೆ ಕಸಿ ಮಾಡಿದ್ದರು. ಅದು ಕೂಡಲಿಲ್ಲ, ಗಾಯವೂ ಒಣಗಲಿಲ್ಲ. ದಿನಾ ಆಕ್ಸಿಜನ್ ಪೆಟ್ಟಿಗೆಯಲ್ಲಿ ಮಲಗಿಸಿ ನೋಡೋಣ, ಆಗಲೂ ಕೂಡದಿದ್ದರೆ ಕಾಲು ಉಳಿಸುವುದು ಕಷ್ಟ ಎಂದಿದ್ದರು ಡಾಕ್ಟರು.

ಮೊದಲ ದಿನ ಉಪ್ಪಿಟ್ಟು ತಿಂದು ಆಟೊ ಹತ್ತಿದೆವು. ನಾಗರಬಾವಿ ದಾಟುವ ತನಕ ಗಾಳಿ ತಣ್ಣಗಿತ್ತು. ವಿಜಯನಗರದಲ್ಲಿ ಮೆಟ್ರೊ ಕೆಲಸಕ್ಕೆ ರಸ್ತೆ ಅಗೆದು ಧೂಳೋ ಧೂಳು. ಸುತ್ತು ಹಾಕಿದ್ದಕ್ಕೆ ಆಟೊದವನು ಮೀಟರಿನ ಮೇಲೆ ಇಪ್ಪತ್ತು ಕೇಳಿದ. ಇವಳು ಇಳಿಯುವ ಪಾಡು ನೋಡಿ ಅವನೇ ಸುಮ್ಮನಾದ.

ಆಸ್ಪತ್ರೆಯಲ್ಲಿ ಹತ್ತಿಯ ಬಟ್ಟೆ ಉಡಿಸಿ ಬಳೆ, ಓಲೆ, ಕಾಲುಂಗುರ ಬಿಚ್ಚಿಸಿದರು. ತಾಳಿ ಬಿಚ್ಚುವಾಗ ಗಿರಿಜೆ ನನ್ನ ಮುಖ ನೋಡಿದಳು. ಕೊಡು, ಅದೇನು ಓಡಿಹೋಗಲ್ಲ ಎಂದು ಇಸಿದುಕೊಂಡು ಸೆರಗಿಗೆ ಗಂಟು ಹಾಕಿಕೊಂಡೆ. ಆಮೇಲೆ ನರ್ಸಮ್ಮ ಅವಳ ತಲೆ ಮುಟ್ಟಿ ನಿಂತುಬಿಟ್ಟರು.

"ಎಣ್ಣೆ ಹಚ್ಚಿದೀರಾ ಅಜ್ಜಿ?"

ಬೆಳಿಗ್ಗೆ ನಾನೇ ನೆತ್ತಿಗೆ ಹರಳೆಣ್ಣೆ ತಟ್ಟಿದ್ದೆ. ಮಾತ್ರೆ ನುಂಗಿ ನುಂಗಿ ಅವಳ ಮೈಯೆಲ್ಲ ಕಾವು, ತಂಪಾಗಲಿ ಎಂದು.

"ಹೀಗೆ ಒಳಗೆ ಬಿಡೋ ಹಾಗಿಲ್ಲ. ಅಷ್ಟು ಆಕ್ಸಿಜನ್‌ನಲ್ಲಿ ಎಣ್ಣೆಗೆ ಒಂದು ಕಿಡಿ ಸಾಕು. ನಾಳೆ ಬನ್ನಿ."

"ನಾಳೆ ತನಕ ಕಾಲು ಕಾಯ್ತದಾ? ನೀರೆಲ್ಲಿದೆ ತೋರ್ಸವ್ವ."

ಆಕೆ ಮನಸ್ಸು ಮಾಡಿ ನಮ್ಮ ನಂತರದ ಸರದಿಯವರನ್ನು ಮೊದಲು ಮಲಗಿಸಿದರು. ನಾನು ಎದುರಂಗಡಿಯಿಂದ ಶಾಂಪೂ ಪೊಟ್ಟಣ ತಂದೆ. ಬಚ್ಚಲಲ್ಲಿ ಇವಳನ್ನು ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟು, ತಲೆ ಹಿಂದಕ್ಕೆ ಬಾಗಿಸಿದೆ. ಹರಳೆಣ್ಣೆ ಸುಲಭಕ್ಕೆ ಬಿಡುವುದಲ್ಲ. ಮತ್ತೆ ಮತ್ತೆ ತಿಕ್ಕಿದೆ.

"ಕಾಲು ಕೂಡೋದ್ರೊಳಗೆ ತಲೆ ಕಿತ್ ಬರತ್ತೆ ಅತ್ತೆ," ಅಂದಳು.

ಒರೆಸಿ ಒಣಗಿಸಿದ ಮೇಲೆ ನರ್ಸಮ್ಮ ಕೂದಲನ್ನು ಬಿಳಿ ಕಾಗದಕ್ಕೆ ಉಜ್ಜಿ ನೋಡಿದರು. ಜಿಡ್ಡು ಹತ್ತಲಿಲ್ಲ. ಒಳಗೆ ಬಿಟ್ಟರು.

ಪೆಟ್ಟಿಗೆಯೆಂದರೆ ದೊಡ್ಡ ಗಾಜಿನ ಕೊಳವೆ. ಒಳಗೆ ಗಾಳಿಯ ಒತ್ತಡ ಏರಿ ಕಿವಿ ಕಟ್ಟಿದರೆ ಉಗುಳು ನುಂಗಬೇಕಂತೆ. ಬಾಗಿಲು ಮುಚ್ಚಿದಾಗ ಇವಳು ಹೆದರಿ ಕಣ್ಣು ದೊಡ್ಡದು ಮಾಡಿದಳು. ನಾನು ಹೊರಗೆ ಸ್ಟೂಲು ಎಳೆದುಕೊಂಡು, ಅವಳಿಗೆ ಕಾಣುವ ಹಾಗೆ ಉಗುಳು ನುಂಗುತ್ತಾ ಕೂತೆ. ನನ್ನನ್ನು ನೋಡಿ ಅವಳೂ ನುಂಗಿದಳು.

ವಾಪಸು ಬರುವಾಗ ಬಿಸಿಲು ಏರಿತ್ತು. ಮಾರೇನಹಳ್ಳಿ ಹತ್ತಿರ ಕೇಳಿದಳು, "ಕೂಡುತ್ತಾ ಅತ್ತೆ?"

"ನಂಗೇನ್ ಗೊತ್ತು. ಡಾಕ್ಟ್ರಿಗೂ ಗೊತ್ತಿಲ್ಲ."

ಅವಳ ಕಾಲನ್ನು ನನ್ನ ತೊಡೆಯ ಮೇಲೆ ಎಳೆದುಕೊಂಡೆ. ಹಂಪ್ ಬಂದಾಗಲೆಲ್ಲ ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದೆ, ಮನೆ ಬರುವ ತನಕ.