ಮೂವತ್ತೊಂದು ವರ್ಷದ ಗೇಣಿ

ಮೊನ್ನೆ ಡ್ರಾಯರ್‌ನಲ್ಲಿ ಏನೋ ಹುಡುಕುವಾಗ ಹಳೆಯ ಹಾಳೆಯೊಂದು ಸಿಕ್ಕಿತು. ಮೂಲೆಯಲ್ಲಿ ಬಟ್ಟೆ ಕ್ಲಿಪ್ಪಿನ ತುಕ್ಕಿನ ಗುರುತು, ಒಳಗೆಲ್ಲ ಕೆಂಪು ಶಾಯಿಯ ಗೀಟುಗಳು. ಗೀಟು ಎಳೆದವರು ಪಕ್ಕದ ಮನೆಯ ಟೀಚರ್.

ಕೋವಿಡ್‌ನ ಮೊದಲ ವರ್ಷ ಅದು. ನಾವು ಐರ್ಲೆಂಡಿನ ಕ್ಲಾಂಡಾಲ್ಕಿನ್‌ನಲ್ಲಿ ಬಾಡಿಗೆಗಿದ್ದೆವು. ಟೀಚರ್ ಐರಿಷ್ ಹೆಂಗಸು, ಇತಿಹಾಸ ಕಲಿಸಿ ನಿವೃತ್ತರಾದವರು, ಒಂಟಿ. ವಯಸ್ಸಾದವರು ಮನೆಯಲ್ಲೇ ಇರಬೇಕೆಂಬ ನಿಯಮವಿದ್ದುದರಿಂದ ನಮ್ಮೆರಡು ಮನೆಗಳ ನಡುವಿನ ಗಿಡ್ಡ ಹಿತ್ತಲ ಗೋಡೆಯೇ ಅವರಿಗೆ ಪೇಟೆ ಬೀದಿ.

ಒಂದು ಬೆಳಿಗ್ಗೆ ಮನೆ ಓನರ್ ಫೋನ್ ಮಾಡಿ, ಮನೆ ತಮ್ಮನಿಗೆ ಬೇಕು, ತಿಂಗಳ ಕೊನೆಗೆ ಖಾಲಿ ಮಾಡಿ ಎಂದರು. ನಾನು ಆಗಲಿ ಎಂದೆ. ಹೆಂಡತಿಗೆ ಆಗ ಏಳು ತಿಂಗಳು.

"ಹತ್ತು ವರ್ಷ ಪೇಪರ್‌ನಲ್ಲಿ ಕೆಲ್ಸ ಮಾಡಿದೋರು, ಒಂದು ಪ್ರಶ್ನೆನೂ ಕೇಳ್ದೆ ಹೂಂ ಅಂದ್ಬಿಟ್ರಾ?" ಎಂದಳು ಅವಳು.

ಜಗಳವಾದರೆ ಅವಳ ವರ್ಕ್ ಪರ್ಮಿಟ್‌ಗೆ ತೊಂದರೆಯಾದೀತೆಂದು ಹೆದರಿದ್ದೆ. ಆ ಹೆದರಿಕೆಗೆ ಆಧಾರವಿರಲಿಲ್ಲ. ನಾನು ವಿಚಾರಿಸಿಯೂ ಇರಲಿಲ್ಲ.

ಹಿತ್ತಲಲ್ಲಿ ನಾನು ಹೇಳಿದ್ದನ್ನೆಲ್ಲ ಟೀಚರ್ ಗೋಡೆಯ ಆಚೆಯಿಂದ ಕೇಳಿಸಿಕೊಂಡರು.

"ಕಾಗದ ಕೊಟ್ಟನಾ?"

"ಇಲ್ಲ, ಫೋನ್‌ನಲ್ಲಿ ಹೇಳಿದರು."

"ಹಾಗಿದ್ದರೆ ಅವನು ಹವಾಮಾನದ ವಿಷಯ ಮಾತಾಡಿದ ಅಂತ ತಿಳಿದುಕೋ."

ಆಮೇಲೆ ತಮ್ಮ ಹಿರಿಯರ ಕತೆ ಹೇಳಿದರು. ಹದಿನೆಂಟನೇ ಶತಮಾನದ ಕಾನೂನಿನಂತೆ ಇಲ್ಲಿನ ಕ್ಯಾಥೊಲಿಕರು ಜಮೀನು ಕೊಳ್ಳುವಂತಿರಲಿಲ್ಲ. ಗೇಣಿಗೆ ಹಿಡಿದರೂ ಮೂವತ್ತೊಂದು ವರ್ಷ ಮೀರುವಂತಿರಲಿಲ್ಲ. ಫಸಲಿನ ಲಾಭ ಮಿತಿ ದಾಟಿದರೆ, ಅದನ್ನು ಪತ್ತೆ ಮಾಡಿದ ಪ್ರಾಟೆಸ್ಟಂಟನಿಗೇ ಆ ಗೇಣಿ ಹೋಗುತ್ತಿತ್ತು. ಯಾರ ಕಣ್ಣಾದರೂ ಬಿದ್ದೀತೆಂದು ಅವರ ಮನೆಯವರು ಗೋಡೆಗೆ ಸುಣ್ಣವನ್ನೂ ಬಳಿಯುತ್ತಿರಲಿಲ್ಲವಂತೆ…

"ನಮ್ಮವರಿಗೆ ಕಾನೂನೇ ಎದುರಾಗಿತ್ತು, ಹೆದರಿದರು. ನಿನಗೆ ಕಾನೂನು ಜೊತೆಗಿದೆ. ಈ ಕೋವಿಡ್ ಸಮಯದಲ್ಲಿ ಯಾರನ್ನೂ ಮನೆ ಬಿಡಿಸುವ ಹಾಗಿಲ್ಲ. ನೀನ್ಯಾಕೆ ಹೆದರ್ತೀಯ? ಅವನಿಗೆ ಕಾಗದ ಬರಿ."

ಬರೆದೆ. ಸೋಂಕಿನ ಭಯಕ್ಕೆ ಆ ಹಾಳೆಯನ್ನು ಅವರು ಒಂದಿಡೀ ದಿನ ಬಟ್ಟೆ ಒಣಗಿಸುವ ತಂತಿಗೆ ಸಿಕ್ಕಿಸಿಟ್ಟರು. ಮರುದಿನ ತಿದ್ದಿ ಗೋಡೆಯ ಮೇಲಿಟ್ಟರು. ಎರಡು 'ಕ್ಷಮಿಸಿ', ಮೂರು 'ದಯವಿಟ್ಟು' ಹೊಡೆದುಹಾಕಿದ್ದರು.

"ಒಂದು 'ದಯವಿಟ್ಟು' ಉಳಿಸಿದ್ದೇನೆ. ಅವನೂ ಮನುಷ್ಯನೇ," ಎಂದರು. "ಈಗ ಗ್ರ್ಯಾಂಡ್." ಸರಿಯಾಯ್ತು ಅನ್ನುವುದಕ್ಕೆ ಇಲ್ಲಿನವರ ಮಾತು ಅದು.

ತಿದ್ದಿದ ಪ್ರತಿಯನ್ನು ಟೈಪ್ ಮಾಡಿ ಓನರ್‌ಗೆ ಕಳಿಸಿದೆ. ಮೂರನೇ ದಿನ ಒಂದು ಸಾಲಿನ ಉತ್ತರ ಬಂತು: ಸದ್ಯಕ್ಕೆ ಇರಿ. ಹುಟ್ಟಿದ ಮಗಳು ಆಸ್ಪತ್ರೆಯಿಂದ ಈ ಮನೆಗೇ ಬಂದಳು. ಟೀಚರ್ ಅವಳನ್ನು ಗೋಡೆಯ ಆಚೆಯಿಂದಲೇ ನೋಡಿದರು, ಎತ್ತಿಕೊಳ್ಳಲಿಲ್ಲ. ಲಸಿಕೆ ಆಗಲಿ, ಆಮೇಲೆ ಎತ್ತಿಕೊಳ್ತೀನಿ ಅನ್ನುತ್ತಿದ್ದರು…

ಲಸಿಕೆಯ ಸರದಿ ಬರುವ ಮೊದಲೇ, ಆ ಚಳಿಗಾಲದಲ್ಲಿ ತೀರಿಕೊಂಡರು. ಅಂತ್ಯಕ್ರಿಯೆಗೆ ಹತ್ತೇ ಜನ ಎಂಬ ನಿಯಮ. ಉಳಿದವರು ಶವದ ಕಾರು ಹಾದುಹೋಗುವಾಗ ತಂತಮ್ಮ ಬಾಗಿಲಲ್ಲಿ ನಿಂತೆವು. ನಾನು ಮಗಳನ್ನೆತ್ತಿಕೊಂಡು, ನಾವು ಬಿಟ್ಟುಹೋಗಲು ಅವರು ಬಿಡದಿದ್ದ ಈ ಮನೆಯ ಬಾಗಿಲಲ್ಲಿ ನಿಂತಿದ್ದೆ.

ಈಗಲೂ ಇಲ್ಲೇ ಇದ್ದೇವೆ. ಪಕ್ಕದ ಮನೆಗೆ ಬೇರೆಯವರು ಬಂದಿದ್ದಾರೆ. ಮಗಳಿಗೆ ಟೀಚರ್ ನೆನಪಿಲ್ಲ. ಅವರು ಯಾರು ಎಂದು ಕೇಳಿದರೆ ಹೇಳುತ್ತೇನೆ: ನಿನ್ನನ್ನು ಎತ್ತಿಕೊಳ್ಳಬೇಕೆಂದಿದ್ದರು.