ಬಾಯಲ್ಲಿ ಮೊಳೆ ಇಟ್ಟುಕೊಂಡು ಕೇಳಿದ ಹಾಡುಗಳು

ಸೋಫಾ ಮೇಸ್ತ್ರಿಯ ಬಾಯಲ್ಲಿ ಸದಾ ಮೊಳೆ ಇರುತ್ತಿತ್ತು. ಆ ಕಸುಬಿನ ಹಳಬರೆಲ್ಲ ಹಾಗೆಯೇ. ಒಂದು ಹಿಡಿ ಸಣ್ಣ ಮೊಳೆ ಬಾಯಿಗೆ ಹಾಕಿಕೊಂಡು, ನಾಲಿಗೆಯ ತುದಿಯಿಂದ ಒಂದೊಂದನ್ನೇ ತುಟಿಗೆ ತಂದು, ಅಯಸ್ಕಾಂತದ ಸುತ್ತಿಗೆಗೆ ಕಚ್ಚಿಸಿ ಟಪ್ಪೆಂದು ಬಟ್ಟೆಗೆ ಹೊಡೆಯುವುದು. ಅಷ್ಟು ಹೊತ್ತಾದರೂ ಬೀದಿಯವರು ನೆಮ್ಮದಿಯಾಗಿರುತ್ತಿದ್ದರು. ಮೊಳೆ ಖಾಲಿಯಾದ ಕೂಡಲೇ ಆ ಬಾಯಿಂದ ಬರುತ್ತಿದ್ದ ಮಾತು ಮೊಳೆಗಿಂತ ಚೂಪು.

ಕೂರುವ ವಸ್ತುವಾಗಲಿ, ಉಣ್ಣುವ ವಸ್ತುವಾಗಲಿ, ಮನುಷ್ಯನೇ ಆಗಲಿ, ಒತ್ತಿ ನೋಡದೆ ಬಿಟ್ಟ ಪ್ರಾಣಿಯಲ್ಲ ಅವನು. ಮಗಳಿಗೆ ಮೊದಲು ಬಂದ ಸಂಬಂಧ ಮುರಿದದ್ದೂ ಅದರಿಂದಲೇ. ಗಂಡಿನ ಮನೆಗೆ ಹೋದವನು ಅವರ ಹೊಸ ಸೋಫಾ ಮೇಲೆ ಕೂತು, ಎರಡು ಸಲ ಕುಲುಕಿ, "ಯಾರು ಸ್ವಾಮಿ ನಿಮಗೆ ಟೋಪಿ ಹಾಕಿದ್ದು? ಒಳಗೆ ಬರೀ ಚಿಂದಿ ತುಂಬಿದಾನೆ" ಎಂದುಬಿಟ್ಟ. ಅದು ಗಂಡಿನ ಸೋದರಮಾವನ ಅಂಗಡಿಯ ಸೋಫಾ. ಬೀಗರಾಗಬೇಕಾದವರು ಅರ್ಧ ಕುಡಿದ ಕಾಫಿ ಲೋಟವನ್ನೂ ಕೈಯಿಂದ ಇಸಿದುಕೊಂಡರು.

ಈ ಸಲ ಮಗಳು ತಾನೇ ಒಬ್ಬನನ್ನು ಮೆಚ್ಚಿಕೊಂಡಿದ್ದಳು. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಹುಡುಗ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಹಗಲೆಲ್ಲ ಬಾರದ ನಲ್ಲಿಯ ದೂರು ಕೇಳಿ, ಸಂಜೆ ಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದ. ಆಗ ಜನ ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದ ರಾಕ್ ತಂಡವೊಂದು ಹೊಸ ಆಲ್ಬಮ್ ಹೊರತಂದಿತ್ತು. ಕೇಳಿದವರೆಲ್ಲ ಕಣ್ಣು ಮುಚ್ಚಿ "ಆಹಾ" ಎನ್ನುತ್ತಿದ್ದರು. ಕೇಳದವರು ಇನ್ನೂ ಜೋರಾಗಿ ಎನ್ನುತ್ತಿದ್ದರು. ಹುಡುಗ ಅದರ ಬಗ್ಗೆ ಬರೆದ ಲೇಖನವನ್ನು ಮೇಸ್ತ್ರಿಯ ಹೆಂಡತಿ ಎರಡು ಸಲ ಓದಿ, ಯಾರೋ ದೊಡ್ಡವರು ತೀರಿಕೊಂಡಿದ್ದಾರೆಂದು ತಿಳಿದು ನಿಟ್ಟುಸಿರುಬಿಟ್ಟಿದ್ದಳು.

ಅವನು ತನ್ನ ಸ್ಪೀಕರ್ ಪೆಟ್ಟಿಗೆಯನ್ನೂ ಆಲ್ಬಮನ್ನೂ ಮೇಸ್ತ್ರಿಯ ಅಂಗಡಿಗೇ ತಂದಿಟ್ಟ. "ಅಂಕಲ್, ಕೆಲಸ ಮಾಡ್ತಾ ಕೇಳ್ತಿರಿ. ಭಾನುವಾರ ಬರ್ತೀನಿ. ಹೇಗನಿಸ್ತು ಅಂತ ಹೇಳ್ಬೇಕು ನೀವು."

ಅವನು ತಿರುವು ದಾಟಿದ ಮೇಲೆ ಮಗಳು ಅಪ್ಪನ ಮುಂದೆ ಬಂದು ನಿಂತಳು.

"ಅಪ್ಪ, ಆ ಹಾಡುಗಳು ಅಂದ್ರೆ ಅವನಿಗೆ ಜೀವ. ನೀನೇನಾದ್ರೂ ಅಂದ್ಯೋ, ಈ ಸಂಬಂಧಾನೂ ಹೋಯ್ತು ಅಂದ್ಕೋ."

"ಇನ್ನೂ ಕೇಳೇ ಇಲ್ಲ, ನಾನೇನಂದೆ ಈಗ?"

"ಅನ್ನೋದೇ ಬೇಡ. ಭಾನುವಾರ ಬಾಯಲ್ಲಿ ಮೊಳೆ ಇಟ್ಕೊಂಡೇ ಇರು. ಕೇಳಿದ್ರೆ ತಲೆ ಆಡಿಸು, ಸಾಕು."

"ಅಡ್ಡಕ್ಕೋ, ಉದ್ದಕ್ಕೋ?"

ಮಗಳು ಮೊಳೆ ಡಬ್ಬಿಯನ್ನು ಅವನ ಕೈಗೆ ತುರುಕಿ ಹೋದಳು.

ಮೇಸ್ತ್ರಿಗೆ ಹಾಡಿನ ಹುಚ್ಚು ಎಳ್ಳಷ್ಟೂ ಇರಲಿಲ್ಲ. ಹಾಡೆಂದರೆ ಪಕ್ಕದ ಸೈಕಲ್ ಅಂಗಡಿಯಿಂದ ಬಿಟ್ಟಿ ಬರುವ ಸದ್ದು. ಆದರೂ ಮಗಳ ಮುಖ ನೋಡಿ ಹಾಕಿದ. ಮೊದಲ ಹಾಡು ಹೊಸ ಸ್ಪ್ರಿಂಗಿನಂತಿತ್ತು: ಒತ್ತಿದರೆ ಒದೆಯುತ್ತದೆ, ಆದರೆ ಗಟ್ಟಿಮುಟ್ಟು. ಎರಡನೆಯದು ಮುಗಿದು ಮೂರನೆಯದು ಎಲ್ಲಿ ಶುರುವಾಯಿತೋ, ಹೊಲಿಗೆಯೇ ಕಾಣಲಿಲ್ಲ. ಅದಕ್ಕೆ ಮನಸ್ಸಿನಲ್ಲೇ ಶಹಬ್ಬಾಸ್ ಎಂದ. ಆಮೇಲಿನವೆಲ್ಲ ಬರೀ ಫೋಮು. ಕೊನೆಯ ಹಾಡಿಗೆ ಮಾತ್ರ ಎದ್ದು ಹೋಗಿ ಪೆಟ್ಟಿಗೆಗೆ ಕಿವಿ ಹಚ್ಚಿದ. ಯಾರೋ ಒಬ್ಬ ಮೆಲುದನಿಯಲ್ಲಿ, ತನ್ನಪ್ಪ ದಿನವೂ ಚಪ್ಪಲಿ ಬಿಡುತ್ತಿದ್ದ ಬಾಗಿಲ ಮೂಲೆಯ ಬಗ್ಗೆ ಹಾಡುತ್ತಿದ್ದ. ಅದರ ಮೇಲೆ ಗೊರ್ರೆಂದು ತಗಡು ಕೆರೆದಂಥ ಸದ್ದು. ಮರುದಿನ ಹಾಕಿದರೂ ಅದೇ ಗೊರ್ರು.

ಪಾಪ, ಹುಡುಗ ಹರಿದ ಸ್ಪೀಕರಿನಲ್ಲಿ ಕಾಲ ಹಾಕುತ್ತಿದ್ದಾನೆ ಎಂದು ಮೇಸ್ತ್ರಿಯ ಕರುಳು ಚುರುಕ್ಕೆಂದಿತು. ಬಾಯಿಂದ ಹೊಗಳಲು ಬಾರದಿದ್ದರೇನು, ಕೈಯಿಂದಾದರೂ ಉಪಕಾರವಾಗಲಿ ಎಂದುಕೊಂಡು ಪೆಟ್ಟಿಗೆಯ ಬೆನ್ನು ಬಿಚ್ಚಿದ. ಒಳಗೆ ಒಳ್ಳೆಯ ಹತ್ತಿ ತುಂಬಿದ. ಮುಂದಿನ ತೆಳು ಜಾಲರಿ ಕಿತ್ತು, ದಪ್ಪ ಕೆಂಪು ಮಖಮಲ್ಲು ಬಿಗಿದು, ಸುತ್ತ ಹಿತ್ತಾಳೆ ಮೊಳೆ ಹೊಡೆದ. ಪೆಟ್ಟಿಗೆ ಸಣ್ಣದೊಂದು ಸಿಂಹಾಸನದಂತಾಯಿತು. ಗೊರ್ರು ಅಡಗಿತು. ಚಪ್ಪಲಿಯ ಹಾಡು ದಿನಕ್ಕೊಂದು ಸಲ ಸುಖವಾಗಿ ಕೇಳಿಸತೊಡಗಿತು.

ಭಾನುವಾರ ಹುಡುಗ ಬಂದ. ಪೆಟ್ಟಿಗೆಯ ಗುರುತು ಸಿಗದೆ ಅಂಗಡಿಯೆಲ್ಲ ಕಣ್ಣಾಡಿಸಿದ. ಮಗಳು ಬೆರಳು ಮಾಡಿ ತೋರಿಸಿದಾಗ ಅವನ ಮುಖ ಹರಳೆಣ್ಣೆ ಕುಡಿದಂತಾಯಿತು. ತಡಮಾಡದೆ ಕೊನೆಯ ಹಾಡನ್ನೇ ಹಾಕಿದ.

"ಆ ಸದ್ದೆಲ್ಲಿ ಅಂಕಲ್? ಆರು ತಿಂಗಳು ಸ್ಟುಡಿಯೋದಲ್ಲಿ ಕೂತು ಮಾಡಿದ ಸದ್ದು ಅದು. ಇಡೀ ಆಲ್ಬಮ್ಮಿನ ಆತ್ಮ. ನಾನು ಅದರ ಮೇಲೇ ಅರ್ಧ ಪುಟ ಬರ್ದಿದೀನಿ."

ಮೇಸ್ತ್ರಿಯ ಬಾಯ್ತುಂಬ ಮೊಳೆ. ಮಗಳ ಕಣ್ಣು ಅವನ ತುಟಿಯ ಮೇಲೆ. ಅವನು ತಲೆಯನ್ನು ಒಮ್ಮೆ ಉದ್ದಕ್ಕೆ ಆಡಿಸಿದ, ಒಮ್ಮೆ ಅಡ್ಡಕ್ಕೆ ಆಡಿಸಿದ. ಎರಡೂ ಸರಿಬರಲಿಲ್ಲ. ಕೊನೆಗೆ ಮೊಳೆಗಳನ್ನು ಅಂಗೈಗೆ ಉಗಿದ.

"ನಿನ್ನ ಆತ್ಮ ಆ ಹಾಡೋನ ಬಾಯಿ ಮುಚ್ಕೊಂಡು ಕೂತಿತ್ತಲ್ಲಪ್ಪ. ಅವನು ಅಪ್ಪನ ಚಪ್ಪಲಿ ವಿಷಯ ಹೇಳ್ತಿದಾನೆ, ಕೇಳಿಸ್ಬೇಡ್ವಾ? ಸ್ಪೀಕರ್ ಹರಿದಿದೆ ಅಂದ್ಕೊಂಡೆ, ಅದು ನನ್ನ ತಪ್ಪು. ಮಧ್ಯದ ಹಾಡುಗಳು ಬರೀ ಫೋಮು. ಅದು ನನ್ನ ತಪ್ಪಲ್ಲ."

ಮಗಳು ಕಣ್ಣು ಮುಚ್ಚಿಕೊಂಡಳು.

"ಫೋಮಾ?" ಹುಡುಗನ ಕಿವಿ ಕೆಂಪಾಯಿತು. "ನಾಲ್ಕನೇದೂ ಫೋಮಾ? ಎಷ್ಟು ಸಲ ಕೇಳಿದ್ರಿ ಅದನ್ನ?"

"ಒಂದ್ಸಲ. ಇನ್ನೊಂದ್ಸಲ ಕೂರೋ ಹಾಗೇನಿದೆ ಅದ್ರಲ್ಲಿ? ಕೊನೇದು ಮಾತ್ರ ದಿನಾ ಕೇಳಿದೆ."

ಹುಡುಗ ಹಾಡು ನಿಲ್ಲಿಸಿದ. ಈ ಆಲ್ಬಮ್ ಬಂದಾಗಿನಿಂದ ಅವನು ವಿಚಾರಿಸಿದವರೆಲ್ಲ "ಆಹಾ" ಎಂದಿದ್ದರೇ ಹೊರತು, ಯಾವ ಹಾಡಿಗೆಂದು ಒಬ್ಬನೂ ಹೇಳಿರಲಿಲ್ಲ. ಜಗಳಕ್ಕೆ ಜನವಿಲ್ಲದೆ ಅವನ ವಿದ್ಯೆಯೆಲ್ಲ ತುಕ್ಕು ಹಿಡಿದು ಕೂತಿತ್ತು. ಇನ್ನೇನು ಪೆಟ್ಟಿಗೆ ಎತ್ತಿಕೊಂಡು ಹೊರಡುತ್ತಾನೆಂದು ಮಗಳು ಬಾಗಿಲಿಂದ ಸರಿದು ದಾರಿ ಬಿಟ್ಟಳು. ಅವನು ಸ್ಟೂಲು ಎಳೆದುಕೊಂಡು ಕೂತ.

ನಾಲ್ಕನೆಯ ಹಾಡನ್ನು ಹಾಕಿದ, ನಿಲ್ಲಿಸಿದ, ಮತ್ತೆ ಹಾಕಿದ. ಮೇಸ್ತ್ರಿ ಸ್ಪ್ರಿಂಗು ಹಿಡಿದು ಹಾಡು ಎಲ್ಲಿ ಸಡಿಲವೆಂದು ತೋರಿಸಿದ. ಹುಡುಗ ಮಖಮಲ್ಲಿಗೆ ಕಿವಿ ಒತ್ತಿ, ಚಪ್ಪಲಿ ಬಿಟ್ಟ ಮೂಲೆಯ ಸಾಲನ್ನು ಮೊದಲ ಸಲ ಪೂರ್ತಿ ಕೇಳಿದ; ಕೇಳಿಯೂ ಸೋಲೊಪ್ಪಲಿಲ್ಲ. ಮೇಸ್ತ್ರಿಯ ಹೆಂಡತಿ ತಂದಿಟ್ಟ ಚಹಾ ಆರಿತು. ಬಿಸಿ ಮಾಡಿ ತಂದಳು, ಅದೂ ಆರಿತು.

"ಅದು ಹಂಗಲ್ಲ, ನೀವು ಒಂದ್ನಿಮಿಷ ನನ್ನ ಮಾತು ಕೇಳಿ ಮಾವ," ಎಂದ ಹುಡುಗ.

ಮಾವ ಅಂದದ್ದು ಅವನಿಗೇ ತಿಳಿಯಲಿಲ್ಲ. ಮೇಸ್ತ್ರಿಯ ಸುತ್ತಿಗೆ ಅರ್ಧದಲ್ಲೇ ನಿಂತಿತು. ಏನೋ ಖಾರವಾದದ್ದು ಹೇಳಲು ಹೊರಟಿದ್ದವನು ತಡೆದುಕೊಂಡು, ಮಗಳ ತಾಕೀತು ನೆನಪಾಗಿ, ಮೊಳೆ ಡಬ್ಬಿಗೆ ಕೈ ಚಾಚಿದ.

ಮಗಳು ಡಬ್ಬಿಯ ಮುಚ್ಚಳ ಹಾಕಿ ಮೇಲಿನ ಹಲಗೆಗೆ ಎತ್ತಿಟ್ಟಳು.

"ಪರವಾಗಿಲ್ಲ, ಹೇಳಪ್ಪ," ಎಂದಳು.